ಮಡಚುವ ಜೇಬು ಚಾಕುಗಳ ಸಂಗ್ರಹ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ನಾನು ಶಿರಸಿ ಸಮೀಪದ ಹಳ್ಳಿಯೊಂದರಲ್ಲಿ ಅಧ್ಯಾಪಕನಾಗಿದ್ದೇನೆ. ಅಜ್ಜನ ಪೆಟ್ಟಿಗೆಯಲ್ಲಿ ಎರಡು ಅಲಗುಗಳ ಹಳೆಯ ಮಡಚುವ ಚಾಕುವೊಂದು ದೊರೆಯಿತು. ಅದರ ಅಲಗಿನ ಬುಡದಲ್ಲಿ ‘ರಾಜರ್ಸ್’, ‘ಶೆಫೀಲ್ಡ್’ ಎಂಬ ಇಂಗ್ಲಿಷ್ ಅಕ್ಷರಗಳೂ ಒಂದು ನಕ್ಷತ್ರವೂ ಶಿಲುಬೆಯಂಥ ಗುರುತೂ ಇವೆ. ಇಂಥ ಚಾಕುಗಳನ್ನು ಸಂಗ್ರಹಿಸುವ ಆಸೆ ಹುಟ್ಟಿದೆ, ಆದರೆ ಹೆಚ್ಚು ಹಣ ಹಾಕಲಾರೆ. ಯಾವುದರಿಂದ ಆರಂಭಿಸಲಿ? ಅಸಲಿ, ನಕಲಿಗಳನ್ನು ಹೇಗೆ ಗುರುತಿಸಲಿ? ನಮ್ಮ ಕಡೆಯ ಮಳೆಗಾಲದಲ್ಲಿ ಇವುಗಳನ್ನು ಕಾಪಾಡುವುದು ಹೇಗೆ? ಕಾನೂನಿನ ತೊಡಕೇನಾದರೂ ಇದೆಯೇ?

ಉತ್ತರ: ಹೊಸದಾಗಿ ಈ ಹವ್ಯಾಸಕ್ಕೆ ಬರುವವರಲ್ಲಿ ಹೆಚ್ಚಿನವರು ಯಾವ ಕಂಪನಿಯ ಚಾಕು ಒಳ್ಳೆಯದು ಎಂದು ವಿಚಾರಿಸುತ್ತಾರೆ. ಅದಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು, ಯಾವ ಎಳೆಯನ್ನು ಹಿಡಿದು ಸಂಗ್ರಹಿಸುತ್ತೀರಿ ಎಂಬುದು. ಎಳೆಯಿಲ್ಲದೆ ಕೊಂಡ ಐವತ್ತು ಚಾಕುಗಳು ಡ್ರಾಯರಿನಲ್ಲಿ ಬಿದ್ದಿರುವ ಸರಕಾಗುತ್ತವೆ. ಒಂದು ವಿಚಾರವನ್ನು ಹಿಡಿದು ಆರಿಸಿದ ಐದು ಚಾಕುಗಳು ಒಂದರ ಬಗ್ಗೆ ಇನ್ನೊಂದು ತಿಳಿವಳಿಕೆ ಕೊಡುತ್ತವೆ. ಒಂದೇ ಊರಿನ ಚಾಕುಗಳು, ಒಂದೇ ಕಂಪನಿಯವು, ಒಂದೇ ವಿನ್ಯಾಸದವು ಎಂದು ಸಂಗ್ರಹಿಸುವವರಿದ್ದಾರೆ. ಹಣ ಕಡಿಮೆಯಿರುವ, ಕಲಿಯುವ ಆಸೆ ಹೆಚ್ಚಿರುವ ನಿಮ್ಮಂಥವರಿಗೆ ನಾನು ಬೇರೆಯೇ ಎಳೆಯೊಂದನ್ನು ಸೂಚಿಸುತ್ತೇನೆ: ತೆರೆದ ಅಲಗನ್ನು ತೆರೆದ ಸ್ಥಿತಿಯಲ್ಲೇ ನಿಲ್ಲಿಸಲು ಬೇರೆ ಬೇರೆ ಊರುಗಳ ಕುಶಲಕರ್ಮಿಗಳು ಕಂಡುಕೊಂಡ ಉಪಾಯಗಳನ್ನು ಸಂಗ್ರಹಿಸಿ. ಮಡಚುವ ಚಾಕುವಿನ ಮೂಲಭೂತ ಸಮಸ್ಯೆಯೇ ಅದು. ಅಲಗನ್ನು ಹಿಡಿಯೊಳಗೆ ಮಡಚಲು ಅನುವು ಮಾಡಿಕೊಡುವ ಕೀಲೇ ಕೆಲಸದ ನಡುವೆ ಅಲಗು ಬೆರಳಿನ ಮೇಲೆ ಮಡಚಿಕೊಳ್ಳುವುದಕ್ಕೂ ಕಾರಣವಾಗುತ್ತದೆ. ಆಸ್ಟ್ರಿಯದ ಹಾಲ್‌ಸ್ಟಾಟ್‌ನಲ್ಲಿ ದೊರೆತ, ಕ್ರಿಸ್ತಪೂರ್ವ ಆರನೆಯ ಶತಮಾನದ ಆಸುಪಾಸಿನ ಮಡಚುವ ಚಾಕುವಿನಿಂದ ಇಂದಿನವರೆಗೆ ಈ ಸಮಸ್ಯೆಗೆ ದೊರೆತ ಉತ್ತರಗಳು ಹಲವು, ಮತ್ತು ಅವುಗಳಲ್ಲಿ ಮುಖ್ಯವಾದವುಗಳ ಉತ್ತಮ ಮಾದರಿಗಳು ಇಂದಿಗೂ ತಯಾರಾಗುತ್ತಿವೆ.

ಮೊದಲ ಉತ್ತರ ಅತ್ಯಂತ ಸರಳವಾದದ್ದು: ಏನನ್ನೂ ಸೇರಿಸದೆ ಕೀಲಿನ ಬಿಗಿತವನ್ನೂ ಬೆರಳನ್ನೂ ನಂಬುವುದು. ಇದರ ಮಾದರಿಯಾಗಿ ಜಪಾನಿನ ಹಿಗೊನೊಕಾಮಿಯನ್ನು ಕೊಳ್ಳಿ. ಹ್ಯೋಗೊ ಪ್ರಾಂತ್ಯದ ಮಿಕಿ ಎಂಬ, ಕಮ್ಮಾರಿಕೆಗೆ ಹೆಸರಾದ ಊರಿನಲ್ಲಿ 19ನೇ ಶತಮಾನದ ಕೊನೆಯ ದಶಕದಲ್ಲಿ ರೂಪುಗೊಂಡ ಈ ಚಾಕುವಿನ ಹಿಡಿ ಮಡಚಿದ ಒಂದೇ ಲೋಹದ ತಗಡು. ಅಲಗಿನ ಬುಡದಿಂದ ಹೊರಚಾಚಿದ, ‘ಚಿಕಿರಿ’ ಎಂದು ಕರೆಯುವ ಸಣ್ಣ ನಾಲಗೆಯೊಂದಿದೆ. ಅಲಗನ್ನು ತೆರೆದಾಗ ಆ ನಾಲಗೆ ಹಿಡಿಯ ಬೆನ್ನಿಗೆ ಬಂದು ಕೂರುತ್ತದೆ. ಅದರ ಮೇಲೆ ಹೆಬ್ಬೆರಳಿಟ್ಟು ಒತ್ತಿರುವವರೆಗೆ ಅಲಗು ಮಡಚುವುದಿಲ್ಲ. ಸ್ಪ್ರಿಂಗ್ ಇಲ್ಲ, ಬೀಗ ಇಲ್ಲ. ಜಪಾನಿನ ಶಾಲಾಮಕ್ಕಳು ಬಹಳ ಕಾಲ ಇದರಲ್ಲೇ ಪೆನ್ಸಿಲ್ ಹೆರೆಯುತ್ತಿದ್ದರು. 1960ರಲ್ಲಿ ಟೋಕಿಯೊದ ಸಭೆಯೊಂದರಲ್ಲಿ ರಾಜಕಾರಣಿ ಇನೆಜಿರೊ ಅಸಾನುಮಾ ಅವರನ್ನು ಯುವಕನೊಬ್ಬ ಕತ್ತಿಯಿಂದ ಕೊಂದ ಬಳಿಕ ಮಕ್ಕಳ ಕೈಯಿಂದ ಹರಿತವಾದ ವಸ್ತುಗಳನ್ನು ದೂರವಿಡುವ ಚಳವಳಿ ನಡೆದು ಈ ಕಸುಬು ಕುಸಿಯಿತು. ಇಂದು ಆ ಹೆಸರಿನ ಮೇಲೆ ಹಕ್ಕುಳ್ಳವರಾಗಿ ಮಿಕಿಯ ನಾಗಾವೊ ಮನೆತನದ ಕಾರ್ಖಾನೆಯೊಂದೇ ಉಳಿದಿದೆ. ಬೆಲೆ ಕಡಿಮೆಯಾದರೂ ಮೃದು ಕಬ್ಬಿಣದ ಪದರಗಳ ನಡುವೆ ಗಟ್ಟಿ ಉಕ್ಕನ್ನು ಬೆಸೆದ ಅಲಗು ಇದರ ಒಳ್ಳೆಯ ಮಾದರಿಗಳಲ್ಲಿ ಸಿಗುತ್ತದೆ. ಸಾಣೆ ಹಿಡಿದಾಗ ಎರಡು ಲೋಹಗಳ ಗಡಿರೇಖೆ ಅಲಗಿನ ಮೇಲೆ ಸ್ಪಷ್ಟವಾಗಿ ಕಾಣಿಸುತ್ತದೆ.

ಎರಡನೆಯ ಉತ್ತರದಲ್ಲಿ ಸ್ಪ್ರಿಂಗ್ ಬರುತ್ತದೆ, ಮತ್ತು ಸಂಗ್ರಾಹಕರ ಲೋಕದ ಬಹುಪಾಲು ಇಲ್ಲೇ ಇದೆ. ಹಿಡಿಯ ಬೆನ್ನಿನುದ್ದಕ್ಕೂ ಒಂದು ಉಕ್ಕಿನ ಪಟ್ಟಿಯಿರುತ್ತದೆ. ಅಲಗಿನ ಬುಡವನ್ನು ದುಂಡಗೆ ಮಾಡದೆ ಒಂದೆರಡು ಕಡೆ ಸಪಾಟಾಗಿ ಅರೆದಿರುತ್ತಾರೆ. ಅಲಗು ಪೂರ್ತಿ ತೆರೆದಾಗ ಮತ್ತು ಪೂರ್ತಿ ಮುಚ್ಚಿದಾಗ ಆ ಸಪಾಟು ಭಾಗ ಸ್ಪ್ರಿಂಗಿನ ಸಪಾಟು ಭಾಗಕ್ಕೆ ಒರಗಿ ನಿಲ್ಲುತ್ತದೆ. ನಡುವಿನ ಸ್ಥಿತಿಯಲ್ಲಿ ಬುಡದ ಮೂಲೆ ಸ್ಪ್ರಿಂಗನ್ನು ಮೇಲಕ್ಕೆ ತಳ್ಳುತ್ತದೆ. ಇದನ್ನು ಸ್ಲಿಪ್‌ಜಾಯಿಂಟ್ ಎನ್ನುತ್ತಾರೆ. ಇದು ಬೀಗವಲ್ಲ, ತಡೆ ಮಾತ್ರ. ಸಾಕಷ್ಟು ಬಲ ಬಿದ್ದರೆ ಅಲಗು ಮಡಚಿಕೊಳ್ಳುತ್ತದೆ ಎಂಬುದನ್ನು ಬಳಸುವವರು ಮರೆಯಬಾರದು. ಒಳ್ಳೆಯ ಕೆಲಸಗಾರನ ಕೈಯಲ್ಲಿ ಈ ಸರಳ ರಚನೆ ಎಷ್ಟು ಸೊಗಸಾಗಬಲ್ಲದೆಂದರೆ, ಅಲಗು ಒಂದೇ ಹದದಲ್ಲಿ ಸಾಗಿ ಕೊನೆಯಲ್ಲಿ ‘ಟಕ್’ ಎಂಬ ಸ್ಫುಟವಾದ ಸದ್ದಿನೊಂದಿಗೆ ತನ್ನ ಸ್ಥಾನದಲ್ಲಿ ಕೂರುತ್ತದೆ. ಅನುಭವಿ ಸಂಗ್ರಾಹಕರು ಕಣ್ಣಿಗಿಂತ ಮೊದಲು ಈ ಚಲನೆಯಿಂದಲೂ ಸದ್ದಿನಿಂದಲೂ ಚಾಕುವನ್ನು ಅಳೆಯುತ್ತಾರೆ.

ಈ ವರ್ಗಕ್ಕೆ ಪ್ರವೇಶಿಸಲು ಸ್ವಿಸ್ ಚಾಕುವಿಗಿಂತ ಉತ್ತಮ ದಾರಿಯಿಲ್ಲ. ಕಾರ್ಲ್ ಎಲ್ಸನರ್ 1884ರಲ್ಲಿ ಶ್ವಿಜ್ ಪ್ರಾಂತ್ಯದ ಇಬಾಖ್‌ನಲ್ಲಿ ಕಾರ್ಯಾಗಾರ ತೆರೆದು, 1891ರಲ್ಲಿ ಸ್ವಿಸ್ ಸೈನ್ಯಕ್ಕೆ ಮೊದಲ ಬಾರಿ ಚಾಕುಗಳನ್ನು ಪೂರೈಸಿದರು. ಸೈನಿಕರು ಡಬ್ಬಿಯ ಆಹಾರ ತೆರೆಯಲು, ಹೊಸದಾಗಿ ಬಂದಿದ್ದ ಬಂದೂಕನ್ನು ಬಿಚ್ಚಿ ಜೋಡಿಸಲು ಒಂದೇ ಉಪಕರಣ ಬೇಕಾಗಿತ್ತು. 1897ರಲ್ಲಿ ಅವರು ನೋಂದಾಯಿಸಿದ ಅಧಿಕಾರಿಗಳ ಚಾಕುವಿನ ಹಿರಿಮೆ ಉಪಕರಣಗಳ ಸಂಖ್ಯೆಗಿಂತ ಹೆಚ್ಚಾಗಿ ಸ್ಪ್ರಿಂಗಿನ ಬಳಕೆಯಲ್ಲಿದೆ: ಒಂದೇ ಸ್ಪ್ರಿಂಗಿನ ಎರಡೂ ಬದಿಗಳನ್ನು ದುಡಿಸಿಕೊಂಡು, ಬೆನ್ನಿನ ಕಡೆಗೂ ಉಪಕರಣಗಳನ್ನು ಕೂರಿಸಿದ್ದರಿಂದ ಚಾಕು ದಪ್ಪವಾಗದೆ ಹೆಚ್ಚು ಕೆಲಸಕ್ಕೆ ಒದಗಿತು. ಸಂಸ್ಥಾಪಕರ ತಾಯಿ ವಿಕ್ಟೋರಿಯಾ ಅವರ ಹೆಸರೂ ತುಕ್ಕು ಹಿಡಿಯದ ಉಕ್ಕನ್ನು ಸೂಚಿಸುವ ‘ಇನಾಕ್ಸ್’ ಪದವೂ 1921ರಲ್ಲಿ ಕೂಡಿ ವಿಕ್ಟೋರಿನಾಕ್ಸ್ ಎಂಬ ಹೆಸರಾಯಿತು. ಸೈನ್ಯಕ್ಕೆ ಚಾಕು ಪೂರೈಸುತ್ತಿದ್ದ ಮತ್ತೊಂದು ಸಂಸ್ಥೆಯಾದ ವೆಂಗರನ್ನು 2005ರಲ್ಲಿ ವಿಕ್ಟೋರಿನಾಕ್ಸ್ ಕೊಂಡುಕೊಂಡಿತು.

ಸಂಗ್ರಹದ ದೃಷ್ಟಿಯಿಂದ ನಾನು ಬಹಳ ಮೆಚ್ಚುವುದು ಕೆಂಪು ಹಿಡಿಯ ಪರಿಚಿತ ಚಾಕುವಿಗಿಂತ 1961ರ ಮಾದರಿಯ ಸೈನಿಕ ಚಾಕುವನ್ನು. 93 ಮಿಲಿಮೀಟರ್ ಉದ್ದದ, ಉಬ್ಬುಗೀರುಗಳಿರುವ ಅಲ್ಯೂಮಿನಿಯಂ ಹಿಡಿಯ, ನಾಲ್ಕೇ ಉಪಕರಣಗಳ ಈ ಚಾಕು 2008ರವರೆಗೆ ಸ್ವಿಸ್ ಸೈನ್ಯದ ಬಳಕೆಯಲ್ಲಿತ್ತು. ಅಲಗಿನ ಬುಡದಲ್ಲಿ ತಯಾರಾದ ವರ್ಷದ ಕೊನೆಯ ಎರಡು ಅಂಕಿಗಳಿರುತ್ತವೆ. ಲಕ್ಷಗಟ್ಟಲೆ ತಯಾರಾದ ಕಾರಣ ಬೆಲೆ ಇನ್ನೂ ಕೈಗೆಟುಕುವಂತಿದೆ. ನೀವು ಹುಟ್ಟಿದ ವರ್ಷದ ಒಂದು, ಮೊದಲ ವರ್ಷಗಳ ಒಂದು, ವಿಕ್ಟೋರಿನಾಕ್ಸ್ ಮತ್ತು ವೆಂಗರ್ ತಯಾರಿಕೆಯ ಒಂದೊಂದು ಎಂದು ಆರಿಸಿದರೆ ಇಷ್ಟರಲ್ಲೇ ಅರ್ಥವುಳ್ಳ ಚಿಕ್ಕ ಸಂಗ್ರಹವಾಗುತ್ತದೆ.

ನಿಮ್ಮ ಅಜ್ಜನ ಚಾಕುವೂ ಇದೇ ಸ್ಲಿಪ್‌ಜಾಯಿಂಟ್ ಕುಲದ್ದು. ನಕ್ಷತ್ರ ಮತ್ತು ಮಾಲ್ಟಾ ಶಿಲುಬೆ ಇಂಗ್ಲೆಂಡಿನ ಶೆಫೀಲ್ಡ್ ನಗರದ ಜೋಸೆಫ್ ರಾಜರ್ಸ್ ಅಂಡ್ ಸನ್ಸ್ ಸಂಸ್ಥೆಯ ಮುದ್ರೆ. ಬ್ರಿಟಿಷ್ ಅರಮನೆಗೆ ಚಾಕು ಪೂರೈಸುತ್ತಿದ್ದ ಈ ಸಂಸ್ಥೆ 1851ರ ಲಂಡನ್ ಮಹಾಪ್ರದರ್ಶನಕ್ಕಾಗಿ 75 ಅಲಗುಗಳ ಬೃಹತ್ ‘ನಾರ್ಫೋಕ್ ಚಾಕು’ವನ್ನು ತಯಾರಿಸಿತ್ತು, ಅದು ಈಗ ಶೆಫೀಲ್ಡಿನ ಕಟ್ಲರ್ಸ್ ಹಾಲ್‌ನಲ್ಲಿದೆ. ವಸಾಹತುಗಳಿಗೆಲ್ಲ ಇವರ ಸರಕು ಹೋಗುತ್ತಿದ್ದುದರಿಂದ ಭಾರತದ ಹಳೆಯ ಮನೆಗಳಲ್ಲಿ ಇಂಥ ಚಾಕು ಸಿಗುವುದು ಸಹಜ. ಅಲಗಿನ ಮೇಲೆ ಕಿರೀಟದ ಎರಡೂ ಬದಿಗೆ ‘ವಿ’, ‘ಆರ್’ ಅಕ್ಷರಗಳಿದ್ದರೆ ಅದು 1901ಕ್ಕೆ ಮುಗಿದ ವಿಕ್ಟೋರಿಯಾ ರಾಣಿಯ ಕಾಲವನ್ನೂ, ‘ಜಿ’, ‘ಆರ್’ ಇದ್ದರೆ ಸಾಮಾನ್ಯವಾಗಿ 1910ರ ನಂತರದ ಜಾರ್ಜ್ ದೊರೆಗಳ ಕಾಲವನ್ನೂ ಸೂಚಿಸುತ್ತದೆ. ‘ಸ್ಟೇನ್‌ಲೆಸ್’ ಎಂಬ ಪದವಿದ್ದರೆ ಚಾಕು ಖಂಡಿತವಾಗಿ 1913ರ ನಂತರದ್ದು, ಏಕೆಂದರೆ ಹ್ಯಾರಿ ಬ್ರಿಯರ್ಲಿ ಅದೇ ಶೆಫೀಲ್ಡಿನಲ್ಲಿ ತುಕ್ಕು ಹಿಡಿಯದ ಉಕ್ಕನ್ನು ರೂಪಿಸಿದ್ದು ಆ ವರ್ಷ. ಹೆಸರಿನ ಕಾಗುಣಿತವನ್ನೂ ಎಚ್ಚರದಿಂದ ನೋಡಿ. ರಾಜರ್ಸ್ ಹೆಸರಿಗೆ ಎಷ್ಟು ಬೆಲೆಯಿತ್ತೆಂದರೆ, ಅದರ ಇಂಗ್ಲಿಷ್ ಕಾಗುಣಿತದ (Rodgers) ‘ಡಿ’ ಅಕ್ಷರವನ್ನು ಬಿಟ್ಟು ಬರೆದ ಹೋಲಿಕೆಯ ಹೆಸರುಗಳನ್ನು ಬೇರೆಯವರು 19ನೇ ಶತಮಾನದಲ್ಲೇ ಬಳಸುತ್ತಿದ್ದರು.

ಈ ಚಾಕುವಿನ ವಿಷಯದಲ್ಲಿ ನನ್ನ ಬಿನ್ನಹವೊಂದಿದೆ: ಅದನ್ನು ಹೊಳೆಯುವಂತೆ ಉಜ್ಜಬೇಡಿ, ಸಾಣೆಗೆ ಕೊಡಬೇಡಿ. ಹಳೆಯ ಅಲಗಿನ ಮೇಲಿನ ಬೂದುಗಪ್ಪು ಛಾಯೆ ಕೊಳೆಯಲ್ಲ. ಉಕ್ಕಿನ ಮೇಲ್ಮೈ ದಶಕಗಳ ಕಾಲ ಗಾಳಿಯೊಂದಿಗೆ, ಹಣ್ಣಿನ ರಸದೊಂದಿಗೆ ಕೂಡಿ ಆದ ಪದರ, ಮತ್ತು ಅದು ಸ್ವಲ್ಪಮಟ್ಟಿಗೆ ತುಕ್ಕನ್ನು ತಡೆಯುತ್ತದೆ ಕೂಡ. ಮರಳುಕಾಗದದಿಂದ ಉಜ್ಜಿದೊಡನೆ ಮುದ್ರೆಯ ಅಕ್ಷರಗಳ ಅಂಚು ಸವೆದು, ಕಾಲನಿರ್ಣಯಕ್ಕಿರುವ ಆಧಾರವೇ ಅಳಿಸಿಹೋಗುತ್ತದೆ. ಕೆಂಪು ತುಕ್ಕು ಇದ್ದರೆ ಅದೊಂದನ್ನು ಮಾತ್ರ ಎಣ್ಣೆ ಹಚ್ಚಿ ನೆನೆಸಿ, ಹಿತ್ತಾಳೆಯ ತುಂಡಿನಿಂದಲೋ ಬಿದಿರು ಕಡ್ಡಿಯಿಂದಲೋ ನಿಧಾನವಾಗಿ ಎಬ್ಬಿಸಿ. ಶೆಫೀಲ್ಡಿನಲ್ಲಿ ಇಂಥ ಚಾಕುಗಳನ್ನು ಸಣ್ಣ ಕೊಠಡಿಗಳಲ್ಲಿ ಕುಳಿತು ಕೈಯಿಂದಲೇ ಜೋಡಿಸುತ್ತಿದ್ದ ಸ್ವತಂತ್ರ ಕುಶಲಕರ್ಮಿಗಳ ಪರಂಪರೆಯಿತ್ತು. ಅವರಲ್ಲಿ ಜಗತ್ಪ್ರಸಿದ್ಧರಾದ ಸ್ಟಾನ್ ಶಾ 2021ರಲ್ಲಿ ತೀರಿಕೊಂಡರು. ಆ ಕೈಕೆಲಸದ ಗುರುತುಗಳು, ಅಂದರೆ ಸ್ಪ್ರಿಂಗಿನ ಮೇಲಿನ ಅರದ ಗೆರೆಗಳು, ರಿವೆಟಿನ ತಲೆಯ ಆಕಾರ, ಎಲ್ಲವೂ ಉಳಿಯಬೇಕಾದವು.

ಫ್ರಾನ್ಸಿನ ಲಾಗ್ಯೋಲ್ ಸ್ಲಿಪ್‌ಜಾಯಿಂಟಿಗೆ ಇನ್ನಷ್ಟು ಬಿಗಿ ತಂದ ಚಾಕು. ಸ್ಪ್ರಿಂಗಿನ ತುದಿಯಲ್ಲಿ ಚಿಕ್ಕ ಉಬ್ಬೊಂದಿದ್ದು ಅದು ಅಲಗಿನ ಬುಡದ ಕಚ್ಚಿನಲ್ಲಿ ಕೂರುತ್ತದೆ. ಅವೆರಾನ್ ಪ್ರದೇಶದ ಲಾಗ್ಯೋಲ್ ಹಳ್ಳಿಯಲ್ಲಿ 1829ರಲ್ಲಿ ಕಾಲ್ಮೆಲ್ಸ್ ಎಂಬ ಚಾಕು ಮಾಡುವವರಿಂದ ಇದರ ಚರಿತ್ರೆ ಆರಂಭವಾಯಿತು ಎನ್ನುತ್ತಾರೆ. ಮುಂದೆ ಹೆಚ್ಚಿನ ತಯಾರಿಕೆ ಥಿಯೆರ್ ಪಟ್ಟಣಕ್ಕೆ ಹೋಯಿತು. ತೆಳ್ಳಗಿನ ಬಾಗಿದ ಹಿಡಿ, ಸ್ಪ್ರಿಂಗಿನ ತಲೆಯ ಮೇಲಿನ ದುಂಬಿಯ ಆಕೃತಿ, ಹಿಡಿಯ ಮೇಲೆ ಮೊಳೆಗಳಿಂದ ಮೂಡಿಸಿದ ಕುರುಬರ ಶಿಲುಬೆ, ಇವೆಲ್ಲ ನೋಡಲು ಬಲು ಚೆಲುವು. ಆದರೆ ಆರಂಭಿಕರು ಇದನ್ನು ಕೊನೆಗೆ ಕೊಳ್ಳುವುದು ಲೇಸು. ‘ಲಾಗ್ಯೋಲ್’ ಎಂಬುದು ಒಂದು ಕಂಪನಿಯ ಹೆಸರಲ್ಲ, ಶೈಲಿಯ ಹೆಸರು. ಬಹಳ ಕಾಲ ಅದಕ್ಕೆ ಕಾನೂನಿನ ರಕ್ಷಣೆಯಿಲ್ಲದಿದ್ದ ಕಾರಣ ಏಷ್ಯದ ಅಗ್ಗದ ತಯಾರಿಕೆಗಳೂ ಅದೇ ಹೆಸರನ್ನು ಹೊತ್ತು ಬರುತ್ತವೆ. 2022ರಲ್ಲಿ ಫ್ರಾನ್ಸ್ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ನೀಡಿತಾದರೂ ಮಾರುಕಟ್ಟೆಯಲ್ಲಿರುವ ಗೊಂದಲ ಕಡಿಮೆಯಾಗಿಲ್ಲ. ಲಾಗ್ಯೋಲನ್ನು ಮುಚ್ಚುವಾಗ ಅಲಗನ್ನು ಬಿಟ್ಟುಬಿಡದೆ ಕೈಯಿಂದ ನಿಧಾನವಾಗಿ ಇಳಿಸಬೇಕು. ಹಾಗೆಯೇ ಬೀಳಲು ಬಿಟ್ಟರೆ ಹರಿತವಾದ ಅಂಚು ಒಳಗಿನ ಸ್ಪ್ರಿಂಗಿಗೆ ತಗುಲಿ ಮೊಂಡಾಗುತ್ತದೆ.

ಅದೇ ಫ್ರಾನ್ಸಿನ ಒಪಿನೆಲ್‌ನ ಉತ್ತರ ಪೂರ್ತಿ ಬೇರೆ, ಮತ್ತು ನೀವು ಮೊಟ್ಟಮೊದಲು ಕೊಳ್ಳಬೇಕಾದ ಚಾಕು ಇದೇ ಎಂದು ನಾನು ಭಾವಿಸುತ್ತೇನೆ. ಸವೊಯ್ ಪರ್ವತಪ್ರದೇಶದ ಜೋಸೆಫ್ ಒಪಿನೆಲ್ 1890ರಲ್ಲಿ ರೈತರಿಗಾಗಿ ರೂಪಿಸಿದ ಈ ಚಾಕುವಿಗೆ ಬೀಚ್ ಮರದ ಒಂದೇ ತುಂಡಿನ ಹಿಡಿ, ಒಂದು ಅಲಗು, ಒಂದು ರಿವೆಟ್. 1897ರಲ್ಲಿ ಗಾತ್ರಕ್ಕೆ ತಕ್ಕಂತೆ 1ರಿಂದ 12ರವರೆಗೆ ಸಂಖ್ಯೆಗಳು ಬಂದವು. 1 ಮತ್ತು 11 ಮುಂದೆ ಕೈಬಿಟ್ಟುಹೋದವು. ಎಂಟೂವರೆ ಸೆಂಟಿಮೀಟರ್ ಅಲಗಿನ 8ನೇ ಸಂಖ್ಯೆ ಎಲ್ಲಕ್ಕಿಂತ ಜನಪ್ರಿಯ. ಮೊದಲ ದಶಕಗಳಲ್ಲಿ ಇದೂ ಬರಿಯ ಬಿಗಿತವನ್ನೇ ನಂಬಿದ್ದ ಚಾಕು. 1955ರಲ್ಲಿ ಮಾರ್ಸೆಲ್ ಒಪಿನೆಲ್ ಹಿಡಿಯ ಕುತ್ತಿಗೆಗೆ ತಿರುಗುವ ಉಕ್ಕಿನ ಉಂಗುರವೊಂದನ್ನು ಸೇರಿಸಿದರು. ಅಲಗು ತೆರೆದ ಮೇಲೆ ಉಂಗುರ ತಿರುಗಿಸಿದರೆ ಅದರ ಸೀಳು ಪಕ್ಕಕ್ಕೆ ಸರಿದು ಅಲಗಿನ ದಾರಿ ಮುಚ್ಚುತ್ತದೆ. ಈ ಕುಲದಲ್ಲಿ ಇಷ್ಟು ಕಡಿಮೆ ಭಾಗಗಳಿಂದ ಇಷ್ಟು ಭದ್ರತೆ ಸಾಧಿಸಿದ ಬೇರೊಂದು ರಚನೆಯನ್ನು ನಾನು ಕಾಣೆ. ಅಲಗಿನ ಮೇಲಿರುವ, ಕಿರೀಟ ಧರಿಸಿದ ಕೈಯ ಮುದ್ರೆ 1909ರಿಂದ ಬಂದದ್ದು.

ಮಲೆನಾಡಿನಲ್ಲಿರುವ ನಿಮಗೆ ಒಪಿನೆಲ್ ಒಂದು ಪಾಠವನ್ನು ಬೇಗನೆ ಕಲಿಸುತ್ತದೆ. ಆಷಾಢ, ಶ್ರಾವಣದ ತೇವಕ್ಕೆ ಬೀಚ್ ಮರ ಉಬ್ಬಿ ಅಲಗನ್ನು ಹಿಡಿದುಬಿಡುತ್ತದೆ, ಉಗುರಿನಿಂದ ಎಳೆದರೂ ಬರುವುದಿಲ್ಲ. ಸವೊಯ್‌ನ ಜನ ಇದಕ್ಕೆ ಮಾಡುವ ಉಪಾಯ ಸರಳವಾಗಿದೆ: ಉಂಗುರವನ್ನು ಬಿಡಿಸಿ, ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಮೆಲ್ಲನೆ ತಟ್ಟಿದರೆ ಅಲಗಿನ ಮೊನೆ ತಾನಾಗಿ ಹೊರಬರುತ್ತದೆ. ಅವಸರದಲ್ಲಿ ಮರವನ್ನು ಒಳಗಿನಿಂದ ಉಜ್ಜಿ ಸಡಿಲ ಮಾಡಬೇಡಿ. ಮಾಗಿ ಬಂದಾಗ ಮರ ಕುಗ್ಗಿ ಅಲಗು ಅಲುಗಾಡತೊಡಗುತ್ತದೆ.

ಬೆನ್ನಿನ ಸ್ಪ್ರಿಂಗನ್ನೇ ಬೀಗವಾಗಿಸಿದ ಲಾಕ್‌ಬ್ಯಾಕ್ ರಚನೆ ಹಳೆಯದಾದರೂ ಅದಕ್ಕೆ ಮನೆಮಾತಿನ ಪ್ರಸಿದ್ಧಿ ತಂದದ್ದು ಅಮೆರಿಕದ ಬಕ್ ಸಂಸ್ಥೆ 1964ರಲ್ಲಿ ಹೊರತಂದ 110 ಎಂಬ ಮಾದರಿ. ಇಲ್ಲಿ ಬೆನ್ನಿನ ಸನ್ನೆಪಟ್ಟಿಯ ಕೊಕ್ಕೆ ಅಲಗಿನ ಬುಡದ ಕಚ್ಚಿಗೆ ಇಳಿದು ಕೂರುತ್ತದೆ, ಹಿಂಬದಿಯಲ್ಲಿ ಒತ್ತುವವರೆಗೆ ಏಳುವುದಿಲ್ಲ. ಹಿತ್ತಾಳೆಯ ತುದಿಗಳೂ ಗಾಢವರ್ಣದ ಮರವೂ ಕೂಡಿ ಇದರ ತೂಕ ಸುಮಾರು 200 ಗ್ರಾಂ. ಜೇಬಿಗಿಂತ ಸೊಂಟಪಟ್ಟಿಯ ಚರ್ಮದ ಒರೆಗೇ ತಕ್ಕದ್ದು. 1986ರಿಂದ ಅಲಗಿನ ಬುಡದಲ್ಲಿ ವರ್ಷಕ್ಕೊಂದರಂತೆ ಬದಲಾಗುವ ಪುಟ್ಟ ಚಿಹ್ನೆ ಇರುವುದರಿಂದ ಕಾಲನಿರ್ಣಯವೂ ಸುಲಭ. ಇದರ ನಂತರದ, ಹಿಡಿಯ ಬದಿಯ ಲೋಹದ ಪಟ್ಟಿಯೇ ಬೀಗವಾಗುವ ಲೈನರ್ ಲಾಕ್, ಫ್ರೇಮ್ ಲಾಕ್‌ಗಳು, 1981ರಲ್ಲಿ ಅಮೆರಿಕದ ಸ್ಪೈಡರ್ಕೊ ಸಂಸ್ಥೆ ಅಲಗಿನಲ್ಲಿ ರಂಧ್ರ ಕೊರೆದು ಒಂದೇ ಕೈಯಿಂದ ತೆರೆಯುವಂತೆ ಮಾಡಿದ ಚಾಕುಗಳು ಬೇರೊಂದು ಲೋಕ. ಅಲ್ಲಿ ಉಕ್ಕಿನ ಹೊಸ ಹೊಸ ಮಿಶ್ರಣಗಳ ಹೆಸರು ಹೇಳಿ ಬೆಲೆ ಏರಿಸುವುದು ನಡೆಯುತ್ತದೆ. ಮೊದಲ ಎರಡು ವರ್ಷ ಆ ಕಡೆ ಹೋಗದಿರುವುದು ನಿಮ್ಮ ಹಣಕ್ಕೂ ಕಲಿಕೆಗೂ ಒಳ್ಳೆಯದು.

ಈಗ ಅಸಲಿ, ನಕಲಿಗಳ ಪ್ರಶ್ನೆ. ಯಾವುದೇ ಚಾಕು ಕೈಗೆ ಬಂದಾಗ ಮೊದಲು ಅಲಗಿನ ಬುಡದ ಮುದ್ರೆಯನ್ನು ಭೂತಗನ್ನಡಿಯಲ್ಲಿ ಓದಿ. ಸಂಸ್ಥೆಯ ಹೆಸರು, ಊರು, ದೇಶ, ಮಾದರಿಯ ಸಂಖ್ಯೆ ಅಲ್ಲೇ ಇರುತ್ತವೆ. ಈ ಶಿಸ್ತಿಗೆ ಅತ್ಯುತ್ತಮ ನಿದರ್ಶನ ಅಮೆರಿಕದ ಪೆನ್ಸಿಲ್ವೇನಿಯದ ಬ್ರ್ಯಾಡ್‌ಫರ್ಡಿನಲ್ಲಿರುವ ಕೇಸ್ ಸಂಸ್ಥೆ. ಅವರ ಚಾಕುವಿನ ಮೇಲೆ 6254 ಎಂದಿದ್ದರೆ 6 ಎಂಬುದು ಗೀರು ಕೆತ್ತಿದ ಮೂಳೆಯ ಹಿಡಿಯನ್ನೂ, 2 ಎಂಬುದು ಅಲಗುಗಳ ಸಂಖ್ಯೆಯನ್ನೂ, 54 ಎಂಬುದು ಟ್ರ್ಯಾಪರ್ ಎಂಬ ವಿನ್ಯಾಸವನ್ನೂ ಹೇಳುತ್ತದೆ. 1970ರಲ್ಲಿ ಮುದ್ರೆಯ ಕೆಳಗೆ ಹತ್ತು ಚುಕ್ಕಿಗಳಿದ್ದವು, ಮುಂದೆ ವರ್ಷಕ್ಕೊಂದು ಚುಕ್ಕಿ ಕಡಿಮೆಯಾಗುತ್ತ ಹೋಯಿತು; ಹೀಗಾಗಿ ಏಳು ಚುಕ್ಕಿಗಳಿದ್ದರೆ ಅದು 1973ರ ಚಾಕು. ಇಷ್ಟು ನಿಖರವಾದ ಲೆಕ್ಕ ಇರುವುದರಿಂದಲೇ ಹಳೆಯ ಕೇಸ್ ಚಾಕುಗಳಿಗೆ ದೊಡ್ಡ ಮಾರುಕಟ್ಟೆಯಿದೆ, ಮತ್ತು ಅದೇ ಕಾರಣಕ್ಕೆ ನಕಲಿಗಳೂ ಹೆಚ್ಚು. ಬೇರೆ ಚಾಕುವಿನ ಮುದ್ರೆಯನ್ನು ಅರೆದು ಹೊಸದಾಗಿ ಒತ್ತಿದ್ದರೆ ಬುಡದ ಆ ಭಾಗ ಉಳಿದ ಭಾಗಕ್ಕಿಂತ ತೆಳ್ಳಗಿರುತ್ತದೆ. ಹಳೆಯ ಅಲಗಿನ ಮೇಲೆ ಅಕ್ಷರಗಳ ಅಂಚು ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೂ, ರಿವೆಟಿನ ಸುತ್ತ ಮೂಳೆಯಲ್ಲಿ ಹೊಸ ಬಿರುಕುಗಳಿದ್ದರೂ, ಎರಡು ಅಲಗುಗಳ ಸವೆತ ಒಂದಕ್ಕೊಂದು ತಾಳೆಯಾಗದಿದ್ದರೂ ಅನುಮಾನಿಸಬೇಕು.

ಆಮೇಲೆ ಚಾಕುವನ್ನು ಮುಚ್ಚಿ ಬೆಳಕಿಗೆ ಹಿಡಿಯಿರಿ. ಸ್ಪ್ರಿಂಗಿಗೂ ಪಕ್ಕದ ಲೋಹದ ಹಾಳೆಗಳಿಗೂ ನಡುವೆ ಬೆಳಕು ತೂರಬಾರದು. ಅಲಗು ಹಿಡಿಯ ನಡುಮಧ್ಯದಲ್ಲಿ ಇಳಿಯಬೇಕು, ಬದಿಗೆ ಉಜ್ಜಬಾರದು. ತೆರೆದು ಅಲಗಿನ ಮೊನೆಯ ಬಳಿ ಹಿಡಿದು ಎಡಬಲಕ್ಕೆ ಅಲುಗಿಸಿ ನೋಡಿದಾಗ ಕೀಲಿನಲ್ಲಿ ಸಡಿಲವಿದ್ದರೆ ತಿಳಿಯುತ್ತದೆ. ಹಲವು ಬಾರಿ ಸಾಣೆ ಹಿಡಿದ ಅಲಗು ತನ್ನ ಮೂಲ ಆಕಾರ ಕಳೆದುಕೊಂಡು ಸಣಕಲಾಗಿರುತ್ತದೆ. ಅದೇ ಮಾದರಿಯ ಹೊಸ ಚಾಕುವಿನ ಚಿತ್ರದೊಂದಿಗೆ ಹೋಲಿಸಿದರೆ ಎಷ್ಟು ಉಕ್ಕು ಹೋಗಿದೆ ಎಂಬುದು ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಪೂರ್ತಿ ಅಲಗಿದ್ದು ಹಿಡಿಯಲ್ಲಿ ಬಿರುಕಿರುವ ಚಾಕು, ಚೆಂದದ ಹಿಡಿಯಿದ್ದು ಅಲಗು ಸವೆದ ಚಾಕುವಿಗಿಂತ ಮೇಲು.

ಮಳೆಗಾಲದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕಾರ್ಬನ್ ಉಕ್ಕಿನ, ಅಂದರೆ ಸ್ಟೇನ್‌ಲೆಸ್ ಅಲ್ಲದ ಸಾದಾ ಉಕ್ಕಿನ ಅಲಗು ಹರಿತವನ್ನು ಸುಲಭವಾಗಿ ತಾಳುತ್ತದೆ, ಆದರೆ ಮಾವಿನಕಾಯಿ ಹೆಚ್ಚಿ ಒರೆಸದೆ ಬಿಟ್ಟರೆ ನೋಡನೋಡುತ್ತಲೇ ಕಪ್ಪಾಗುತ್ತದೆ, ರಾತ್ರಿ ಒದ್ದೆಯಾಗಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕೆಂಪು ತುಕ್ಕು ಕಟ್ಟುತ್ತದೆ. ಬಳಸುವ ಚಾಕುವಿನಲ್ಲಿ ಕಪ್ಪು ಬಣ್ಣಕ್ಕೆ ಹೆದರಬೇಕಿಲ್ಲ, ಕೆಂಪಿಗೆ ಮಾತ್ರ ಹೆದರಬೇಕು. ಮನೆಯಲ್ಲಿರುವ ಕೊಬ್ಬರಿ ಎಣ್ಣೆ, ಎಳ್ಳೆಣ್ಣೆಗಳನ್ನು ಹಚ್ಚುವ ರೂಢಿ ನಮ್ಮಲ್ಲಿದೆಯಾದರೂ, ಸಂಗ್ರಹದಲ್ಲಿ ತಿಂಗಳುಗಟ್ಟಲೆ ಇರುವ ಚಾಕುವಿಗೆ ಅದು ಸಲ್ಲದು. ಸಸ್ಯಜನ್ಯ ಎಣ್ಣೆಗಳು ಕಾಲಕ್ರಮದಲ್ಲಿ ಕಮಟು ಹಿಡಿಯುತ್ತವೆ, ಎಳ್ಳೆಣ್ಣೆಯಂಥವು ಕೀಲಿನೊಳಗೆ ಅಂಟಾಗುತ್ತವೆ. ಔಷಧದ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಫಿನ್ ಅಗ್ಗವಾದದ್ದು, ಹಣ್ಣು ಕತ್ತರಿಸುವ ಅಲಗಿಗೂ ಅಪಾಯವಿಲ್ಲದ್ದು. ಆಹಾರಕ್ಕೆ ಬಳಸದ ಚಾಕುಗಳ ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಸಾಕು. ಮುಂಗಾರಿಗೆ ಮೊದಲೊಮ್ಮೆ, ನಡುವೆ ತಿಂಗಳಿಗೊಮ್ಮೆ, ದೀಪಾವಳಿಯ ಹೊತ್ತಿಗೆ ಮತ್ತೊಮ್ಮೆ ಎಲ್ಲವನ್ನೂ ತೆರೆದು ಒರೆಸಿ ತೆಳುವಾಗಿ ಎಣ್ಣೆ ಹಚ್ಚಿ. ಬೆರಳಿನ ಬೆವರಿನ ಉಪ್ಪೇ ಅಲಗಿನ ಮೇಲೆ ಬೆರಳಚ್ಚಿನ ಆಕಾರದ ತುಕ್ಕು ಮೂಡಿಸಬಲ್ಲದು; ಆದ್ದರಿಂದ ನೋಡಲು ಕೊಟ್ಟವರಿಂದ ಹಿಂದಕ್ಕೆ ಪಡೆದೊಡನೆ ಒರೆಸಿಡುವ ಅಭ್ಯಾಸ ಮಾಡಿಕೊಳ್ಳಿ.

ಚರ್ಮದ ಒರೆಯೊಳಗೆ ಚಾಕುವನ್ನು ಎಂದಿಗೂ ಇಟ್ಟಿರಬೇಡಿ. ಚರ್ಮ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಹದಮಾಡಲು ಬಳಸಿದ ರಾಸಾಯನಿಕಗಳು ಹಿತ್ತಾಳೆಯ ಮೇಲೆ ಹಸಿರು ಕಿಲುಬು ತರುತ್ತವೆ. ಒರೆಯನ್ನು ಬೇರೆ, ಚಾಕುವನ್ನು ಬೇರೆ ಇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ, ಒಂದೊಂದನ್ನೂ ತೊಳೆದು ಒಣಗಿಸಿದ ಹತ್ತಿಯ ಬಟ್ಟೆಯಲ್ಲಿ ಸುತ್ತಿಟ್ಟರೆ ಸಾಕಾಗುತ್ತದೆ. ಜೆಲ್ ಅನ್ನು ಆಗಾಗ ಬಿಸಿ ಮಾಡಿ ಒಣಗಿಸಬೇಕು. ಒಂದು ಎಚ್ಚರಿಕೆಯನ್ನು ಮಾತ್ರ ಎಲ್ಲ ಹೊಸಬರಿಗೂ ಒತ್ತಿ ಹೇಳುತ್ತೇನೆ. 20ನೇ ಶತಮಾನದ ಮೊದಲ ಅರ್ಧದ ಅನೇಕ ಚಾಕುಗಳಿಗೆ ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ಕಿನ ಹಿಡಿಗಳಿರುತ್ತವೆ. ಆಮೆಚಿಪ್ಪಿನಂತೆಯೋ ಮುತ್ತಿನ ಚಿಪ್ಪಿನಂತೆಯೋ ಕಾಣುವ ಬಣ್ಣದ ಹಿಡಿಗಳು ಬಹುತೇಕ ಅವೇ. ಈ ವಸ್ತು ಹಳೆಯದಾದಂತೆ ತಾನಾಗಿ ವಿಘಟನೆಗೊಂಡು ಆಮ್ಲೀಯ ಅನಿಲವನ್ನು ಹೊರಬಿಡುತ್ತದೆ, ಮತ್ತು ಒಂದೇ ಡಬ್ಬಿಯಲ್ಲಿರುವ ಉಳಿದೆಲ್ಲ ಚಾಕುಗಳ ಅಲಗನ್ನೂ ತಿಂದುಹಾಕುತ್ತದೆ. ಅದು ಸುಲಭವಾಗಿ ಬೆಂಕಿ ಹಿಡಿಯುವ ವಸ್ತುವೂ ಹೌದು. ಅಂಥದ್ದು ಬಂದರೆ ಪ್ರತ್ಯೇಕವಾಗಿ, ಗಾಳಿಯಾಡುವ ತಂಪಾದ ಜಾಗದಲ್ಲಿ ಇಡಬೇಕು.

ಬಳಸುವ ಚಾಕುಗಳಿಗೆ ಸಾಣೆ ಹಿಡಿಯುವುದನ್ನು ನೀವೇ ಕಲಿಯಿರಿ. ಸಾವಿರ ಗ್ರಿಟ್ಟಿನ (ಕಲ್ಲಿನ ಕಣಗಳ ನವಿರಿನ ಅಳತೆ) ಒಂದು ನೀರುಗಲ್ಲು, ಅಂದರೆ ನೀರು ಹಾಕಿ ಮಸೆಯುವ ಸಾಣೆಕಲ್ಲು, ಪ್ರತಿ ಬದಿಗೆ 15ರಿಂದ 20 ಡಿಗ್ರಿಯ ಕೋನ, ಸಾಕಷ್ಟು ತಾಳ್ಮೆ ಇದ್ದರೆ ಆಯಿತು. ಬೀದಿಯಲ್ಲಿ ಚಕ್ರ ತಿರುಗಿಸುವ ಸಾಣೆಯವರ ಕೌಶಲ ಅಡುಗೆಮನೆಯ ಕತ್ತಿಗೆ, ಕತ್ತರಿಗೆ ತಕ್ಕದ್ದು. ತೆಳುವಾದ ಜೇಬು ಚಾಕುವಿನ ಅಲಗು ಆ ಬಿಸಿಗೆ ಹದ ಕಳೆದುಕೊಳ್ಳುತ್ತದೆ.

ಹಿಡಿಯ ವಸ್ತುವಿನ ಬಗ್ಗೆ ಭಾರತದ ಸಂಗ್ರಾಹಕರಿಗೆ ವಿಶೇಷ ಜವಾಬ್ದಾರಿಯಿದೆ. ಪಾಶ್ಚಾತ್ಯ ಚಾಕು ತಯಾರಕರು ಶ್ರೇಷ್ಠವೆಂದು ಬಹಳ ಕಾಲ ಬಳಸಿದ ಕೊಂಬು ನಮ್ಮ ಕಾಡುಗಳ ಕಡವೆಯದು. ರಫ್ತು ನಿಂತ ಮೇಲೆ ಅಂಥ ಹಿಡಿಗಳ ಬೆಲೆ ವಿದೇಶಗಳಲ್ಲಿ ಏರಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾರಣದಿಂದ ಇಲ್ಲಿ ದಂತವನ್ನಾಗಲಿ ಕಡವೆ, ಜಿಂಕೆಗಳ ಕೊಂಬನ್ನಾಗಲಿ ಕೊಳ್ಳುವುದು, ಮಾರುವುದು ಅಪರಾಧ, ಕೊಂಬು ತಾನಾಗಿ ಉದುರಿದ್ದು ಎಂಬ ಸಮರ್ಥನೆ ನಡೆಯುವುದಿಲ್ಲ. ಅಂಥ ಹಿಡಿಯ ಚಾಕು ಎಷ್ಟೇ ಸುಂದರವಾಗಿದ್ದರೂ ಬಿಟ್ಟುಬಿಡಿ. ಮರ, ದನದ ಮೂಳೆ, ಲೋಹದ ಹಿಡಿಗಳೇ ಬೇಕಾದಷ್ಟಿವೆ.

ಕೊಳ್ಳುವ ಜಾಗಗಳಲ್ಲಿ ಹೊಸ ವಿಕ್ಟೋರಿನಾಕ್ಸಿಗೆ ಅಧಿಕೃತ ಮಾರಾಟಗಾರರು ಭಾರತದಲ್ಲೇ ಇದ್ದಾರೆ. ಹಳೆಯ ಚಾಕುಗಳಿಗೆ ಬೆಂಗಳೂರಿನ ಚಿಕ್ಕಪೇಟೆ ಸುತ್ತಲಿನ ಭಾನುವಾರದ ಬಜಾರು, ಮುಂಬಯಿಯ ಚೋರ್ ಬಜಾರುಗಳಂಥ ಹಳೆಯ ಸಾಮಾನಿನ ಸಾಲುಗಳನ್ನು ಸಾವಧಾನದಿಂದ ನೋಡಬೇಕು. ಅದಕ್ಕಿಂತಲೂ ನಿಮ್ಮ ಸುತ್ತಲಿನ ಹಳೆಯ ಮನೆಗಳಲ್ಲಿ ವಿಚಾರಿಸುವುದು ಫಲಕಾರಿ, ಏಕೆಂದರೆ ಅಲ್ಲಿ ಚಾಕುವಿನ ಜೊತೆ ಅದು ಯಾರದ್ದು, ಎಲ್ಲಿ ಕೊಂಡದ್ದು ಎಂಬ ವಿವರವೂ ದೊರೆಯುತ್ತದೆ. ಮೊದಲ ಚಾಕುವಿನಿಂದಲೇ ಒಂದು ಪುಸ್ತಕವಿಟ್ಟು ಕೊಂಡ ದಿನ, ಬೆಲೆ, ಮುದ್ರೆಯ ಪೂರ್ತಿ ಪಾಠ, ಮುಚ್ಚಿದಾಗಿನ ಉದ್ದ, ದೋಷಗಳು, ಹಿಂದಿನ ಒಡೆಯರು ಹೇಳಿದ ಮಾತು ಎಲ್ಲವನ್ನೂ ಬರೆದಿಡಿ.

ಕೊನೆಯದಾಗಿ ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳಲ್ಲಿ ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲವಾದ ಅಲಗುಗಳನ್ನು, ಗೃಹಬಳಕೆ, ಕೃಷಿ ಮುಂತಾದ ಉದ್ದೇಶದವನ್ನು ಬಿಟ್ಟು, ಆಯುಧಗಳ ವರ್ಗದಲ್ಲಿ ಸೇರಿಸಲಾಗಿದೆ. ಮೇಲೆ ಹೇಳಿದ ಯಾವ ಚಾಕುವೂ ಆ ಅಳತೆಯ ಹತ್ತಿರ ಬರುವುದಿಲ್ಲ. ಆದರೆ ಅದೇ ಕಾಯ್ದೆಯ 4ನೇ ಕಲಮಿನ ಅಡಿಯಲ್ಲಿ ನಿರ್ದಿಷ್ಟ ಪ್ರದೇಶಗಳಿಗೆ ಬಿಗಿಯಾದ ನಿರ್ಬಂಧ ಹೊರಡಿಸಲು ಅವಕಾಶವಿದೆ. ದೆಹಲಿಯಲ್ಲಿ 1980ರ ಅಧಿಸೂಚನೆಯೊಂದು ಸ್ಪ್ರಿಂಗ್, ಗುಂಡಿ ಅಥವಾ ಬೇರೆ ಯಾಂತ್ರಿಕ ಸಾಧನದಿಂದ ತೆರೆಯುವ, ಮುಚ್ಚುವ ಚಾಕುಗಳಿಗೆ 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲದ ಮಿತಿಯನ್ನು ಹಾಕಿತು. ಉತ್ತರ ಪ್ರದೇಶದ ರಾಂಪುರದ ಪ್ರಸಿದ್ಧ ಚಾಕು ನಮ್ಮ ದೇಶದ ಮಡಚುವ ಚಾಕುಗಳ ಪರಂಪರೆಯಲ್ಲಿ ಅಗ್ರಗಣ್ಯ, 2023ರಲ್ಲಿ ಆ ಊರಿನ ವೃತ್ತವೊಂದರಲ್ಲಿ ಅದರ ಬೃಹತ್ ಪ್ರತಿಕೃತಿಯನ್ನೇ ನಿಲ್ಲಿಸಿದ್ದಾರೆ. ಹಾಗಿದ್ದರೂ ಗುಂಡಿ ಒತ್ತಿ ತೆರೆಯುವ ಅದರ ಮಾದರಿಗಳನ್ನು ವಕೀಲರ ಸಲಹೆಯಿಲ್ಲದೆ ಕೊಳ್ಳಬೇಡಿ. ವಿದೇಶದಿಂದ ಅಂಚೆಯಲ್ಲಿ ತರಿಸುವಾಗ ತಾನಾಗಿ ತೆರೆಯುವ ಚಾಕುಗಳು ಸುಂಕದವರ ಕೈಯಲ್ಲಿ ಸಿಕ್ಕಿಬೀಳುವ ಸಂಭವ ಹೆಚ್ಚು. ಬ್ರಿಟನ್ನಿನಲ್ಲಿರುವ ಬಂಧುಗಳ ಮೂಲಕ ಕೊಳ್ಳುವುದಾದರೆ, ಅಲ್ಲಿ ಸಕಾರಣವಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಒಯ್ಯಬಹುದಾದದ್ದು ಬೀಗವಿಲ್ಲದ, ಮೂರು ಇಂಚು ಮೀರದ ಅಲಗಿನ ಮಡಚುವ ಚಾಕು ಮಾತ್ರ ಎಂಬುದನ್ನು ಅವರಿಗೆ ತಿಳಿಸಿ. ಒಪಿನೆಲ್ 8 ಮತ್ತು ಬಕ್ 110 ಎರಡೂ ಅಲ್ಲಿ ಈ ಮಿತಿಯ ಹೊರಗೆ ನಿಲ್ಲುತ್ತವೆ. ವಿಮಾನದಲ್ಲಿ ಯಾವುದೇ ಜೇಬು ಚಾಕುವನ್ನು ಕೈಚೀಲದಲ್ಲಿ ಒಯ್ಯಬಾರದು, ಸಾಮಾನಿನ ಪೆಟ್ಟಿಗೆಯಲ್ಲಿ ಹಾಕಿ ಕಳುಹಿಸಬೇಕು. ಊರಿನ ಹಬ್ಬ, ಚುನಾವಣೆ, ಮೆರವಣಿಗೆಗಳ ಸಮಯದಲ್ಲಿ ಪೊಲೀಸರು ನಿಷೇಧಾಜ್ಞೆ ಹೊರಡಿಸಿದ್ದರೆ ಚಿಕ್ಕ ಚಾಕುವೂ ತೊಂದರೆಗೆ ಕಾರಣವಾಗಬಹುದು. ಅಂಥ ದಿನಗಳಲ್ಲಿ ಅದನ್ನು ಮನೆಯಲ್ಲೇ ಬಿಟ್ಟು ಹೋಗಿ.